ಒಂದೇ ಸಲ ಕೂಗಿದವರು

ಮಾರ್ಚ್ ೯

ತಮ್ಮಯ್ಯಾ,

ಕಾಗದದ ಮೇಲೆ ಕೈಯಲ್ಲಿ ಬರೆದು ಎಷ್ಟು ಕಾಲವಾಯಿತೋ, ನನ್ನ ಅಕ್ಷರ ನೋಡಿ ನನಗೇ ನಗು ಬರುತ್ತಿದೆ. ಹೊಟ್ಟೆಪಾಡಿಗೆಂದು ಇಡೀ ಆಯುಸ್ಸು ತಂತಿಯಲ್ಲಿ ಓಡುವ ಮಾಹಿತಿಯ ಪ್ಯಾಕೆಟ್ ಎಣಿಸಿದವಳು ನಾನು, ಫೋನ್ ಕಂಪನಿಯಲ್ಲಿ ಲೈನಿನ ಯೋಜನೆ ಹಾಕುತ್ತ ಬೆಳಗಿನಿಂದ ಸಂಜೆಯ ತನಕ ಅವುಗಳ ಸರತಿ ಕಾಯುವವನು ನೀನು. ಕಡೆಗೆ ನಮ್ಮಿಬ್ಬರಿಗೂ ಅಂಚೆಯವನೇ ಗತಿಯಾದ. ಕಂಪನಿಯ ವಕೀಲರು ಮೇಲ್ ಓದುತ್ತಾರೆ, ಫೋನೂ ಬೇಡ ಎಂದು ನೀನು ಹೇಳಿಕಳಿಸಿದ ಮೇಲೆ ಬೇರೆ ದಾರಿ ಕಾಣಲಿಲ್ಲ.

ನೇರವಾಗಿ ವಿಷಯಕ್ಕೆ ಬರುತ್ತೇನೆ. ಗೋದಾಮಿಗೆ ಬೆಂಕಿ ಬಿದ್ದ ಮಧ್ಯಾಹ್ನ ನಿಮ್ಮ ತುರ್ತು ಕರೆಯ ಲೈನು ಗಂಟೆಗಟ್ಟಲೆ ಕಟ್ಟಿಕೊಂಡಿತು. ಅಗ್ನಿಶಾಮಕದವರಿಗೆ ಯಾರ ಕರೆಯೂ ತಲುಪಲಿಲ್ಲ. ಗೋದಾಮಿನ ಪಕ್ಕದ ಕಟ್ಟಡದಲ್ಲಿ ಹನ್ನೊಂದು ಜನ ಸತ್ತರು. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಈಗ ನಿಮ್ಮ ಕಂಪನಿಯವರು ಪತ್ರಿಕೆಗಳಲ್ಲಿ ಮೆಲ್ಲಗೆ ಬೇರೆ ರಾಗ ತೆಗೆದಿದ್ದಾರೆ. ಲೈನು ಎಷ್ಟು ಅಗಲ ಇರಬೇಕೆಂದು ಗೊತ್ತುಮಾಡಿದ್ದು ತಾವಲ್ಲವಂತೆ, ವಿಶ್ವವಿದ್ಯಾಲಯದ ಮಾದರಿಯಂತೆ. ಮಾದರಿ ಎಂದರೆ ಯಾರು? ನಿನ್ನ ಅಣ್ಣ. ಎಷ್ಟು ಜನ ಒಟ್ಟಿಗೆ ಕರೆ ಮಾಡಿದರೆ ಸರತಿ ಎಲ್ಲಿ ತುಂಬುತ್ತದೆ, ಎಲ್ಲಿ ಚೆಲ್ಲುತ್ತದೆ ಎಂದು ಕಂಪ್ಯೂಟರಿನೊಳಗೆ ಒಂದು ಸುಳ್ಳು ಊರನ್ನೇ ಕಟ್ಟಿ ತೋರಿಸಿದ ಮನುಷ್ಯ. ಹೋಗಿ ಎರಡು ವರ್ಷವಾಯಿತು. ಎದ್ದು ಬಂದು ಉತ್ತರ ಕೊಡುವುದಿಲ್ಲವೆಂದು ಗೊತ್ತಿದ್ದೇ ಅವರ ತಲೆಯ ಮೇಲೆ ಗೂಬೆ ಕೂರಿಸುತ್ತಿದ್ದಾರೆ.

ನನಗೆ ಬೇಕಾದದ್ದು ಒಂದೇ. ಆ ಮಧ್ಯಾಹ್ನದ ಟ್ರೇಸ್ ಕಳಿಸು. ತಂತಿಯ ಮೇಲೆ ಹಾದುಹೋದ ಒಂದೊಂದು ಪ್ಯಾಕೆಟ್ಟಿನ ಗುರುತೂ ಅದರಲ್ಲಿರುತ್ತದಲ್ಲ, ಅದನ್ನು ಮಾದರಿಗೆ ಉಣಿಸಿ ಓಡಿಸಿದರೆ ತಪ್ಪು ಎಲ್ಲಿದೆಯೆಂದು ಒಂದು ಬೆಳಿಗ್ಗೆಯಲ್ಲಿ ತಿಳಿದುಹೋಗುತ್ತದೆ. ವಿಚಾರಣೆ ಮಂಡಲಿಯ ಮುಂದೆ ನಾನೇ ಹೋಗಿ ಇಡುತ್ತೇನೆ. ವಿಭಾಗದ ನನ್ನ ಕೋಣೆಯಲ್ಲಿ ನಿನ್ನ ಅಣ್ಣ ಬರೆದುಬಿಟ್ಟ ಸಮೀಕರಣ ಇನ್ನೂ ಬೋರ್ಡಿನ ಮೇಲಿದೆ, ಒರೆಸಲು ಯಾರಿಗೂ ಬಿಟ್ಟಿಲ್ಲ. ಅದರ ಕೆಳಗೆ ಕೂತು ಆ ಪತ್ರಿಕೆ ಓದುವುದು ಎಷ್ಟು ಕಷ್ಟ ಎಂದು ನಿನಗೆ ಬಿಡಿಸಿ ಹೇಳಬೇಕಿಲ್ಲ.

ಮಗಳೂ ಓದಿದಳು. ಈ ವರ್ಷ ಅಪ್ಪನ ವಿಭಾಗಕ್ಕೇ ಸೇರುತ್ತೇನೆಂದು ಹಟ ಹಿಡಿದಿದ್ದಾಳೆ, ಈ ಹೊತ್ತಿನಲ್ಲೇ ಇದು. "ಚಿಕ್ಕಪ್ಪ ಆ ಕಂಪನೀಲೇ ಇದಾರಲ್ಲ, ಅವರು ಸುಮ್ನೆ ಬಿಡಲ್ಲ" ಎಂದಳು. ನಾನೂ ಹಾಗೆಯೇ ನಂಬಿದ್ದೇನೆ.

ಅತ್ತಿಗೆ

ಮಾರ್ಚ್ ೨೦

ಅತ್ತಿಗೆಗೆ ನಮಸ್ಕಾರ.

ನಿಮ್ಮ ಕಾಗದವನ್ನು ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದೆ. ಮಡಿಕೆಯಲ್ಲಿ ಹರಿಯಲು ಶುರುವಾದ ಮೇಲೆ ಉತ್ತರ ಬರೆಯಲು ಕೂತಿದ್ದೇನೆ.

ಟ್ರೇಸ್ ನನ್ನ ಕೈಯಲ್ಲಿಲ್ಲ. ಬೆಂಕಿಯ ಮರುದಿನವೇ ವಕೀಲರು ಬಂದು ಎಲ್ಲ ದಾಖಲೆಗಳಿಗೂ ಮೊಹರು ಹಾಕಿದರು. ನಮ್ಮ ನಿಯಂತ್ರಣ ಕೊಠಡಿಗೆ ಈಗ ಇಬ್ಬರ ಜೊತೆಯಿಲ್ಲದೆ ಹೋಗುವಂತಿಲ್ಲ. ಮೊದಲೇ ಅಲ್ಲಿ ಮೈ ಕೊರೆಯುವ ಚಳಿ, ಈಗ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಎಲ್ಲರೂ ಸ್ವೆಟರ್ ಹಾಕಿಕೊಂಡು ತಮ್ಮ ತಮ್ಮ ಪರದೆ ನೋಡುತ್ತಿರುತ್ತೇವೆ.

ಆ ಮಧ್ಯಾಹ್ನದ್ದನ್ನು ಹೇಳಬಲ್ಲೆ. ಊಟದ ಡಬ್ಬಿ ತೆರೆದಿದ್ದೆ. ಗೋಡೆಯ ದೊಡ್ಡ ಪರದೆಯ ಮೇಲೆ ತುರ್ತು ಲಿಂಕಿನ ದಟ್ಟಣೆ ತೋರಿಸುವ ಗೆರೆ ಒಂದೇ ಸಮ ಮೇಲೆ ಹೋಗಿ ಅಂಚಿಗೆ ಅಂಟಿಕೊಂಡಿತು. ತುಂಬಿದ ಲಿಂಕನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನೆ. ಇದು ಹಾಗಿರಲಿಲ್ಲ. ಲಿಂಕ್ ತುಂಬಿತ್ತು, ಆದರೆ ಒಂದು ಕರೆಯೂ ಪೂರ್ತಿಯಾಗುತ್ತಿರಲಿಲ್ಲ. ರಸ್ತೆ ತುಂಬ ಗಾಡಿಗಳಿದ್ದು ಒಂದೂ ಮನೆ ಸೇರದಿದ್ದರೆ ಹೇಗೋ ಹಾಗೆ. ಬೇರೆ ದಾರಿಗೆ ತಿರುಗಿಸಲು ನೋಡಿದೆವು, ಅದೂ ತುಂಬಿತು. ಪಕ್ಕದ ಕುರ್ಚಿಯವನು ಅಳುತ್ತಿದ್ದ. ನಾನು ಡಬ್ಬಿ ಮುಚ್ಚಿದ್ದು ಸಂಜೆ.

ಒಂದು ಸಣ್ಣ ಪ್ರಶ್ನೆ. ಮಾದರಿ ಕಟ್ಟುವ ಕಾಲಕ್ಕೆ ನಮ್ಮ ಕಂಪನಿಯಿಂದಲೇ ಹಳೆಯ ಟ್ರೇಸ್‌ಗಳು ನಿಮಗೆ ಬಂದಿದ್ದವಲ್ಲ, ಬಳಸುವ ಮೊದಲು ಅವನ್ನು ಶುಚಿ ಮಾಡಿದ್ದು ಹೇಗೆ? ಸುಮ್ಮನೆ ಕೇಳಿದೆ.

ಮಂಡಲಿಯ ಮುಂದೆ ಹೋಗಲು ದಯವಿಟ್ಟು ಅವಸರ ಮಾಡಬೇಡಿ. ಮಗುವಿಗೆ ನನ್ನ ನೆನಪು ತಿಳಿಸಿ. ಅವಳ ಎತ್ತರ ಈಗ ನಿಮ್ಮನ್ನು ಮೀರಿರಬೇಕು.

ತಮ್ಮಯ್ಯ

ಮಾರ್ಚ್ ೨೮

ತಮ್ಮಯ್ಯಾ,

ನಿನ್ನ "ಸುಮ್ಮನೆ ಕೇಳಿದೆ" ನನಗೆ ಚೆನ್ನಾಗಿ ಗೊತ್ತು. ಓದಲೆಂದು ನಮ್ಮ ಮನೆಗೆ ಬಂದ ಹೊಸದರಲ್ಲಿ ಗಾಜಿನ ಲೋಟ ಒಡೆದು, "ಅತ್ತಿಗೆ, ಒಟ್ಟು ಎಷ್ಟು ಲೋಟ ಇದ್ವು?" ಎಂದು ಹೀಗೆಯೇ ಸುಮ್ಮನೆ ಕೇಳಿದ್ದೆ. ಈಗ ಏನು ಒಡೆದಿದ್ದೀಯ?

ಕೇಳಿದ್ದಕ್ಕೆ ಹೇಳುತ್ತೇನೆ. ಶುಚಿ ಮಾಡಿದ್ದು ನಾನು. ನಿಮ್ಮವರು ಕೊಟ್ಟ ದಾಖಲೆ ಕಸದ ಬುಟ್ಟಿಯ ಹಾಗಿತ್ತು. ಎರಡು ಕಡೆ ಯಂತ್ರ ಇಟ್ಟು ಬರೆದುಕೊಂಡಿದ್ದರಿಂದ ಒಂದೇ ಕರೆಯ ಬೇಡಿಕೆ ಎರಡೆರಡು ಸಲ ದಾಖಲಾಗಿತ್ತು. ಸಾಲದ್ದಕ್ಕೆ ಆ ಎರಡು ಯಂತ್ರಗಳ ಗಡಿಯಾರವೂ ಹೊಂದುತ್ತಿರಲಿಲ್ಲ, ಒಂದು ಮುಂದೆ, ಒಂದು ಹಿಂದೆ. ಅದಕ್ಕೇ ನಾನು ಜರಡಿಯನ್ನು ಸ್ವಲ್ಪ ಧಾರಾಳವಾಗಿಯೇ ಬರೆದೆ: ಒಂದು ನಂಬರಿನಿಂದ ಬೇಡಿಕೆ ಬಂದ ಮೇಲೆ ಅರ್ಧ ನಿಮಿಷದೊಳಗೆ ಅದೇ ನಂಬರು ಮತ್ತೆ ಕಂಡರೆ ಅದು ನಕಲು, ಅಳಿಸು. ದಾಖಲೆ ಎಷ್ಟು ಚೊಕ್ಕವಾಯಿತೆಂದರೆ ನಿನ್ನ ಅಣ್ಣ ಅದನ್ನು ಮತ್ತೆ ಮುಟ್ಟಲಿಲ್ಲ. "ನೀನು ತೊಳೆದದ್ದನ್ನ ನಾನ್ಯಾಕೆ ಮತ್ತೆ ತೊಳೀಲಿ" ಎಂದು ನೇರವಾಗಿ ಮಾದರಿಗೆ ಹಾಕಿಕೊಂಡರು. ಇದರಲ್ಲಿ ಹುಳುಕು ಹುಡುಕಲು ನಿನ್ನನ್ನು ಹಚ್ಚಿದವರು ಯಾರು?

ಸಿಟ್ಟು ಬರುತ್ತಿದೆ, ಅದನ್ನು ಮುಚ್ಚಿಡುವುದಿಲ್ಲ. ಅಣ್ಣನ ಕೆಲಸ ಸರಿಯಿತ್ತೆಂದು ಹೇಳಲು ನಾನು ದಾಖಲೆ ಕೇಳಿದರೆ ನೀನು ಅಣ್ಣನ ಕೆಲಸದ ಬಗ್ಗೆಯೇ ಪ್ರಶ್ನೆ ಹಾಕುತ್ತೀಯ. ನಿನಗೆ ಸರತಿಯ ಗಣಿತ ಹೇಳಿಕೊಟ್ಟಿದ್ದು ಯಾರು? ನಮ್ಮ ಊಟದ ಮೇಜಿನ ಮೇಲೆ ಚಮಚಗಳನ್ನು ಸಾಲಾಗಿಟ್ಟು ಒಂದು ಬಂದರೆ ಒಂದು ಹೋಗಬೇಕು ಎಂದು ತೋರಿಸಿದ್ದು ಮರೆತೆಯಾ? ಕಂಪನಿಯ ಗುರುತಿನ ಚೀಟಿ ಕುತ್ತಿಗೆಗೆ ಹಾಕಿಕೊಂಡರೆ ಎಲ್ಲ ಮರೆಯುತ್ತದೆಯೇನೋ.

ಯಾರ ತಪ್ಪೋ ಅವರ ಹೆಸರು ದೊಡ್ಡ ಅಕ್ಷರದಲ್ಲಿ ಅಚ್ಚಾಗಲಿ. ಮನೆಯವರೇ ಆದರೂ ಸರಿ. ಹನ್ನೊಂದು ಜನ ಸುಮ್ಮನೆ ಸಾಯಲಿಲ್ಲ. ಇದನ್ನೇ ಮಂಡಲಿಯ ಅಧ್ಯಕ್ಷರಿಗೂ ಬರೆದಿದ್ದೇನೆ.

ಟ್ರೇಸ್ ಕಳಿಸು.

ಅತ್ತಿಗೆ

ಮೇ ೨

ಅತ್ತಿಗೆಗೆ ನಮಸ್ಕಾರ.

ತಡವಾಯಿತು, ಕ್ಷಮಿಸಿ. ಕಳೆದ ವಾರ ಮಂಡಲಿಯ ಮುಂದೆ ನನ್ನ ಹೇಳಿಕೆ ಮುಗಿಯಿತು. ವರದಿಯಲ್ಲಿ ಅಣ್ಣನ ಹೆಸರು ಬರುವುದಿಲ್ಲ, ಮಾದರಿಯ ಮೇಲೂ ಮಾತು ಬರುವುದಿಲ್ಲ. ಇದನ್ನು ನಂಬಿ. ಹೇಗೆ ಎಂದು ಈಗ ಕೇಳಬೇಡಿ. ಇನ್ನು ನೀವು ಟ್ರೇಸ್ ಕೇಳುವ ಅಗತ್ಯವೂ ಇಲ್ಲ.

ಮಗುವಿನ ಪರೀಕ್ಷೆ ಹೇಗಾಯಿತು? ಸಂಭಾವ್ಯತೆಯ ಪತ್ರಿಕೆ ಕಷ್ಟವಿತ್ತೆಂದು ಕೇಳಿದೆ. ಅವಳಿಗೆ ಒಂದು ಪೆನ್ನು ಕಳಿಸಿದ್ದೇನೆ, ಅಣ್ಣ ಬಳಸುತ್ತಿದ್ದಂಥದ್ದೇ.

ತಮ್ಮಯ್ಯ

ಜೂನ್ ೧೫

ಇಂದಿನ ಪತ್ರಿಕೆಯಲ್ಲಿ ವರದಿ ಬಂದಿದೆ. ಮಾದರಿಯಲ್ಲಿ ದೋಷವಿಲ್ಲ. ಕಂಪನಿಯ ಯೋಜನಾ ಎಂಜಿನಿಯರ್ ಊರಿನ ಹಳೆಯ ಜನಸಂಖ್ಯೆಯನ್ನೇ ಮಾದರಿಗೆ ಉಣಿಸಿದ್ದರಿಂದ ಲೈನು ಕಿರಿದಾಯಿತು, ಇದನ್ನು ಅವರೇ ಒಪ್ಪಿಕೊಂಡಿದ್ದಾರೆ ಎಂದಿದೆ. ಯೋಜನಾ ಎಂಜಿನಿಯರ್ ಯಾರೆಂದು ಮಗಳು ಕೇಳಲಿಲ್ಲ. ಅವಳಿಗೆ ಗೊತ್ತು, ನನಗೂ ಗೊತ್ತು.

ಹಾಗಾದರೆ ಮಾರ್ಚಿನಿಂದ ನೀವು ಆಡಿದ್ದು ನಾಟಕ. ಹೌದು, "ನೀವು" ಎಂದೇ ಬರೆಯುತ್ತಿದ್ದೇನೆ. ನೀನು ಎಂದು ಕರೆಯಲು ಇನ್ನು ಬಾಯಿ ಬರುವುದಿಲ್ಲ. ಟ್ರೇಸ್‌ಗೆ ಮೊಹರು ಬಿದ್ದಿದೆ ಎಂದಿರಿ. ಮಂಡಲಿಯ ಮುಂದೆ ಹೋಗಬೇಡಿ ಎಂದಿರಿ. ನಾನು ದಾಖಲೆ ತೊಳೆದದ್ದು ಹೇಗೆ ಎಂದು ಕೇಳಿದಿರಿ. ನಿಮ್ಮ ಬೇಜವಾಬ್ದಾರಿಯನ್ನು ನನ್ನ ಮತ್ತು ಸತ್ತ ಅಣ್ಣನ ಮೇಲೆ ಹಾಕಿ ಜಾರಿಕೊಳ್ಳಲು ಸಂದಿ ಹುಡುಕುತ್ತಿದ್ದಿರಿ, ಅಷ್ಟೇ. ಸಂದಿ ಸಿಗಲಿಲ್ಲ, ಒಪ್ಪಿಕೊಂಡಿರಿ. ಮೇ ತಿಂಗಳ ಕಾಗದದಲ್ಲಿ ಅದನ್ನೇ ದೊಡ್ಡ ಉಪಕಾರ ಮಾಡಿದವರ ಹಾಗೆ ಬರೆದಿರಿ. ಅದು ನನಗೆ ಎಲ್ಲಕ್ಕಿಂತ ಅಸಹ್ಯವೆನಿಸಿತು.

ಒಂದು ಅಂಕಿ ಬದಲಿಸಲು ಸೋಮಾರಿತನ. ಅದಕ್ಕೆ ಹನ್ನೊಂದು ಜನ.

ನಿಮ್ಮ ಅಣ್ಣ ಬದುಕಿದ್ದರೆ ಈ ವರದಿ ಓದಿ ಏನಾಗುತ್ತಿದ್ದರೋ. ಒಂದು ಲೆಕ್ಕದಲ್ಲಿ ಪುಣ್ಯವಂತರು. ನೀವು ಕಳಿಸಿದ ಪೆನ್ನನ್ನು ಮಗಳು ವಾಪಸ್ ಕಳಿಸುತ್ತಿದ್ದಾಳೆ, ಬೇರೆ ಲಕೋಟೆಯಲ್ಲಿ ಬರುತ್ತದೆ. ನಾನು ಹೇಳಿಕೊಟ್ಟದ್ದಲ್ಲ. ತಡೆಯಲೂ ಇಲ್ಲ.

ಜುಲೈ ೩

ಅತ್ತಿಗೆಗೆ,

ಪೆನ್ನು ತಲುಪಿತು. ನನ್ನ ವಿಳಾಸ ಬದಲಾಗಿದೆ, ಲಕೋಟೆಯ ಹಿಂಬದಿ ಬರೆದಿದ್ದೇನೆ.

ಒಂದೇ ಒಂದು ಮಾತು. ಮಾದರಿಯನ್ನು ಸದ್ಯಕ್ಕೆ ಬೇರೆ ಊರುಗಳಿಗೆ ಕೊಡಬೇಡಿ. ಪಕ್ಕಕ್ಕಿಡಿ. ಕಾರಣ ಕೇಳಬೇಡಿ.

ತಮ್ಮಯ್ಯ

ಆಗಸ್ಟ್ ೧೧

ಹೊಸ ವಿಳಾಸ ನೋಡಿದೆ. ಬಡಾವಣೆಯ ಹೆಸರು ಕೇಳಿದರೆ ಒಳ್ಳೆಯ ಜಾಗವೇ ಇರಬೇಕು. ತಪ್ಪೊಪ್ಪಿಕೊಂಡವರನ್ನು ಕಂಪನಿಗಳು ಚೆನ್ನಾಗಿಯೇ ನೋಡಿಕೊಳ್ಳುತ್ತವೆ ಎಂದು ಯಾರೋ ಹೇಳುತ್ತಿದ್ದರು. ಇಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ.

ಮಾದರಿಯನ್ನು ಪಕ್ಕಕ್ಕಿಡಬೇಕಂತೆ. ವರದಿಯೇ ಅದಕ್ಕೆ ದೋಷವಿಲ್ಲದ ಪಟ್ಟ ಕೊಟ್ಟ ಮೇಲೆ ಇನ್ನೆರಡು ಊರಿನವರು ತಮ್ಮ ತುರ್ತು ಲೈನಿಗೆ ಅದನ್ನೇ ಆರಿಸಿಕೊಂಡಿದ್ದಾರೆ. ಮೂರನೆಯವರು ಮುಂದಿನ ತಿಂಗಳು ಬರುತ್ತಾರೆ. ವಿಭಾಗದಲ್ಲಿ ನಿಮ್ಮ ಅಣ್ಣನ ಹೆಸರಿನ ಪ್ರಯೋಗಾಲಯ ಆಗುತ್ತಿದೆ, ಬಾಗಿಲ ಮೇಲೆ ಹಲಗೆ ಹಾಕಲು ಅಳತೆ ತೆಗೆದುಕೊಂಡು ಹೋದರು. ಈ ಹೊತ್ತಿಗೆ ಸರಿಯಾಗಿ ನಿಮಗೆ ಅದು ನಿಲ್ಲಬೇಕು. ಏಕೆ? ಅಣ್ಣನ ಹೆಸರು ಮೇಲೆದ್ದರೆ ನಿಮ್ಮದು ಇನ್ನಷ್ಟು ಕೆಳಗೆ ಕಾಣುತ್ತದೆಂದೇ?

ಮಾತಿನಲ್ಲಿ ಹೆದರಿಸಬೇಡಿ. ಮಾದರಿ ತಪ್ಪೆನ್ನುವವರು ದಾಖಲೆ ಇಡಲಿ. ಮಾರ್ಚಿನಿಂದ ಅದನ್ನೇ ಕೇಳುತ್ತಿದ್ದೇನೆ.

ಸೆಪ್ಟೆಂಬರ್ ೨೪

ಅತ್ತಿಗೆ,

ನೀವು ಕೇಳಿದ್ದು ಇದರ ಜೊತೆಗಿದೆ. ಆ ಮಧ್ಯಾಹ್ನದ ಟ್ರೇಸ್, ಪೂರ್ತಿ. ಮೊಹರು ಬೀಳುವ ಮೊದಲೇ ನಾನು ಒಂದು ಪ್ರತಿ ತೆಗೆದಿಟ್ಟಿದ್ದೆ. ನನ್ನ ಕೈಯಲ್ಲಿಲ್ಲ ಎಂದು ಬರೆದದ್ದು ಸುಳ್ಳು. ಇದು ನನ್ನ ಬಳಿ ಇರುವುದೇ ಅಪರಾಧ, ಅದು ನಿಮಗೆ ತಿಳಿದಿರಲಿ.

ಇದನ್ನು ಓಡಿಸುವ ಮೊದಲು ಕೂತುಕೊಳ್ಳಿ. ನಿಮ್ಮ ಜರಡಿಯಿಲ್ಲದೆ ಒಂದು ಸಲ ನೋಡಿ, ಜರಡಿ ಹಾಕಿ ಒಂದು ಸಲ ನೋಡಿ. ಬೇರೇನೂ ಮಾಡಬೇಕಿಲ್ಲ.

ಆ ದಿನ ಕರೆ ಮಾಡಿದವರ ಸಂಖ್ಯೆ ಮಾದರಿ ಹೇಳಿದ್ದಕ್ಕಿಂತ ಹೆಚ್ಚೇನೂ ಇರಲಿಲ್ಲ. ಜನಸಂಖ್ಯೆ ಹಳೆಯದಾಗಿರಲಿಲ್ಲ, ನಾನು ಉಣಿಸಿದ ಅಂಕಿ ಸರಿಯಾಗಿಯೇ ಇತ್ತು. ಆದರೆ ಲೈನು ಸಿಗದವರು ಸುಮ್ಮನೆ ಕೂರಲಿಲ್ಲ ಅತ್ತಿಗೆ. ಮತ್ತೆ ಒತ್ತಿದರು. ಸಿಗಲಿಲ್ಲ, ಮತ್ತೆ ಒತ್ತಿದರು. ಸಾಲದೆಂದು ಅವರ ಫೋನೂ ತಾನಾಗಿಯೇ ಮತ್ತೆ ಮತ್ತೆ ಬೇಡಿಕೆ ಕಳಿಸಿತು. ಒಬ್ಬೊಬ್ಬರು ಹತ್ತು ಜನರಾದರು, ಇಪ್ಪತ್ತು ಜನರಾದರು. ಲಿಂಕ್ ತುಂಬಿದ್ದು ಹೊಸ ಕರೆಗಳಿಂದಲ್ಲ, ಅದೇ ಜನರ ಕೂಗಿನಿಂದ. ನಮ್ಮ ಹಳೆಯ ದಾಖಲೆಗಳಲ್ಲೂ ಇದು ಇದ್ದಿರಬೇಕು, ಸಣ್ಣ ಪ್ರಮಾಣದಲ್ಲಿ. ಯಂತ್ರ ಎರಡು ಸಲ ಬರೆದದ್ದನ್ನು ಅಳಿಸಲು ಹೋಗಿ ನೀವು ಮನುಷ್ಯರು ಎರಡು ಸಲ ಕೂಗಿದ್ದನ್ನೂ ಅಳಿಸಿದಿರಿ. ಅಣ್ಣ ಕಟ್ಟಿದ ಊರಿನಲ್ಲಿ ಎಲ್ಲರೂ ಒಂದೇ ಸಲ ಫೋನು ಮಾಡಿ, ಸಿಗದಿದ್ದರೆ ಮನೆಗೆ ಹೋಗಿ ಮಲಗುವವರು.

ಗೋದಾಮಿನ ಪಕ್ಕದ ಕಟ್ಟಡದಿಂದ ಬಂದ ಒಂದು ನಂಬರಿದೆ. ಗುರುತು ಹಾಕಿದ್ದೇನೆ. ಹೆಂಗಸೋ ಗಂಡಸೋ ಗೊತ್ತಿಲ್ಲ. ನಲವತ್ತಕ್ಕೂ ಹೆಚ್ಚು ಸಲ ಒತ್ತಿದ್ದಾರೆ, ಒಂದು ಕಡೆಯೂ ಅರ್ಧ ನಿಮಿಷದ ಬಿಡುವಿಲ್ಲ. ನಿಮ್ಮ ಜರಡಿಯಲ್ಲಿ ಹಾಯಿಸಿದರೆ ಅವರು ಒಂದೇ ಸಲ ಕೂಗಿದವರು.

ಇದು ನನಗೆ ತಿಳಿದದ್ದು ಮಾರ್ಚಿನಲ್ಲಿ. ಅದಕ್ಕೇ ಕೇಳಿದೆ, ಶುಚಿ ಮಾಡಿದ್ದು ಹೇಗೆ ಎಂದು. ಅಣ್ಣ ಮಾಡಿದ್ದು ಎಂದು ನೀವು ಬರೆಯುತ್ತೀರೇನೋ ಎಂದು ಆಸೆಪಟ್ಟಿದ್ದೆ. ಹೋದವರ ಮೇಲೆ ಹಾಕಿ ಸುಮ್ಮನಾಗಬಹುದಿತ್ತು. ನೀವು ಹೆಮ್ಮೆಯಿಂದ ನಾನೇ ಎಂದು ಬರೆದಿರಿ.

ಹೇಳಿಕೆಗೆ ಮೊದಲು ನಮ್ಮ ದೊಡ್ಡ ಸಾಹೇಬರು ಕರೆಸಿದ್ದರು. ಕಿಟಕಿ ನೋಡಿಕೊಂಡೇ ಮಾತಾಡಿದರು. "ಒಬ್ಬ ಮನುಷ್ಯನ ತಪ್ಪಾದ್ರೆ ಒಬ್ಬ ಮನುಷ್ಯ ಹೋಗ್ತಾನೆ. ಮಾದರೀನೇ ತಪ್ಪು ಅಂದ್ರೆ ನಾವು ಎಲ್ಲಾ ಊರಲ್ಲೂ ಹಾಕಿರೋ ಲೈನ್ ಕಿತ್ತು ಮತ್ತೆ ಹಾಕ್ಬೇಕು." ನನ್ನನ್ನು ಏನೂ ಕೇಳಲಿಲ್ಲ. ಟೀ ತರಿಸಿದರು. ನನಗೆ ಅರ್ಥವಾಯಿತು. ಜನಸಂಖ್ಯೆಯ ಕಥೆ ನಾನೇ ಕಟ್ಟಿದ್ದು.

ಇದನ್ನು ತ್ಯಾಗ ಎಂದು ತಿಳಿಯಬೇಡಿ. ಅಣ್ಣನ ಹೆಸರು, ನಿಮ್ಮ ಕೆಲಸ, ಮಗುವಿನ ಓದು ಒಂದೇ ಏಟಿಗೆ ಉಳಿಯುತ್ತವೆ ಎನಿಸಿದ್ದು ನಿಜ. ನಿಮ್ಮ ಮುಂದೆ ನಿಂತು "ತಪ್ಪು ನಿಮ್ಮದು ಅತ್ತಿಗೆ" ಎನ್ನುವ ಧೈರ್ಯ ಇರಲಿಲ್ಲ ಎನ್ನುವುದೂ ಅಷ್ಟೇ ನಿಜ. ನನಗೆ ಅನ್ನ ಹಾಕಿದವರು, ವಿದ್ಯೆ ಕೊಟ್ಟವರು. ಜೂನಿನ ನಿಮ್ಮ ಕಾಗದ ಓದಿದ ದಿನ ಆ ಧೈರ್ಯ ಬಂದುಬಿಡುತ್ತಿತ್ತು.

ಕಂಪನಿ ಮೇ ತಿಂಗಳಲ್ಲೇ ಕೈ ತೊಳೆದುಕೊಂಡಿತು. ಈಗ ಒಂದು ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿದ್ದೇನೆ, ಒಳ್ಳೆಯ ಜಾಗ ಎಂದಿರಲ್ಲ ಅದು ಇದೇ. ಶಾಲೆಗಳಿಗೆ ನೆಟ್‌ವರ್ಕ್ ಕೇಬಲ್ ಎಳೆಯುವ ಕೆಲಸ. ಇಡೀ ದಿನ ಏಣಿಯ ಮೇಲೆ ನಿಂತು ಛಾವಣಿಯ ಹಲಗೆ ಬಿಚ್ಚಿ ತಲೆಯ ಮೇಲೆ ಧೂಳು ಬೀಳಿಸಿಕೊಳ್ಳುತ್ತೇನೆ.

ಇಷ್ಟಾದರೂ ಸುಮ್ಮನೇ ಇರುತ್ತಿದ್ದೆ. ಆದರೆ ನೀವು ಇನ್ನೆರಡು ಊರಿಗೆ ಕೊಟ್ಟಿದ್ದೀರಿ, ಮೂರನೆಯದಕ್ಕೂ ಕೊಡುತ್ತೀರಿ. ಅಲ್ಲೂ ಒಂದು ದಿನ ಬೆಂಕಿ ಬೀಳುತ್ತದೆ. ಅದಕ್ಕೆ ಕಳಿಸುತ್ತಿದ್ದೇನೆ.

ಎರಡೇ ಕೇಳುವುದು. ಮಾದರಿಯನ್ನು ಸರಿಮಾಡಿ ಆ ಊರುಗಳಿಗೆ ತಿಳಿಸಿ. ಮತ್ತೆ, ಮಗುವಿಗೆ ಹೇಳಿ. ವರದಿ ತಿದ್ದಿಸಬೇಕಿಲ್ಲ, ಪತ್ರಿಕೆಗೆ ಬರೆಯಬೇಕಿಲ್ಲ, ನನಗೆ ಕೆಲಸ ವಾಪಸ್ ಬೇಕಿಲ್ಲ. ಚಿಕ್ಕಪ್ಪ ಸೋಮಾರಿತನದಿಂದ ಹನ್ನೊಂದು ಜನರನ್ನು ಕೊಂದವನಲ್ಲ ಎಂದು ಅವಳೊಬ್ಬಳಿಗೆ ಗೊತ್ತಾದರೆ ನನಗೆ ಸಾಕು. ಇದನ್ನು ನಾನಾಗಿ ಅವಳಿಗೆ ಬರೆಯುವುದಿಲ್ಲ. ಅದು ನಿಮ್ಮ ಬಾಯಿಂದಲೇ ಬರಬೇಕು.

ತಮ್ಮಯ್ಯ

ನವೆಂಬರ್ ೫

ಅತ್ತಿಗೆಗೆ,

ಸೆಪ್ಟೆಂಬರ್ ಕೊನೆಯಲ್ಲಿ ಒಂದು ಪೊಟ್ಟಣ ಕಳಿಸಿದ್ದೆ. ತಲುಪಿತೇ? ಈ ಕಾರ್ಡಿಗೆ ಎರಡು ಸಾಲು ಬರೆದರೆ ಸಾಕು.

ತಮ್ಮಯ್ಯ

ಡಿಸೆಂಬರ್ ೧೨

ನಿಮ್ಮ ಕಾರ್ಡು ತಲುಪಿತು. ಕೆಲಸದ ಗಡಿಬಿಡಿಯಲ್ಲಿ ಉತ್ತರಿಸಲು ತಡವಾಯಿತು. ನೀವು ಹೇಳುವ ಪೊಟ್ಟಣ ಇಲ್ಲಿಗೆ ಬಂದಿಲ್ಲ. ಅಂಚೆಯಲ್ಲಿ ಕಳೆದುಹೋಗುವುದು ಹೊಸದೇನಲ್ಲ. ಅದರಲ್ಲಿ ಏನಿತ್ತೋ ನನಗೆ ತಿಳಿಯದು. ಮತ್ತೆ ಕಳಿಸುವ ತೊಂದರೆ ತೆಗೆದುಕೊಳ್ಳಬೇಡಿ.

ಹೇಗೂ ಬರೆಯುತ್ತಿರುವುದರಿಂದ ತಿಳಿಸುತ್ತೇನೆ. ಮಾದರಿಯ ಹೊಸ ಆವೃತ್ತಿ ಹೊರಬಂದಿದೆ. ಲೈನು ಸಿಗದೆ ಹೋದಾಗ ಜನ ಪಟ್ಟುಬಿಡದೆ ಮತ್ತೆ ಕರೆ ಮಾಡುವುದನ್ನೂ ಈ ಸಲ ಲೆಕ್ಕಕ್ಕೆ ತೆಗೆದುಕೊಂಡಿದ್ದೇವೆ. ವಿದ್ಯಾರ್ಥಿಗಳ ಜೊತೆ ಮಾತಾಡುವಾಗ ಹೊಳೆದದ್ದು. ಹಿಂದಿನದು ತಪ್ಪೆಂದಲ್ಲ, ಇದು ಅದರ ಸಹಜ ಮುಂದುವರಿಕೆ. ಮೂರೂ ಊರಿನವರು ಲೈನು ಅಗಲ ಮಾಡಿಸಲು ಒಪ್ಪಿದ್ದಾರೆ. ಪ್ರಯೋಗಾಲಯದ ಉದ್ಘಾಟನೆಯೂ ಆಯಿತು. ನಿಮ್ಮ ಅಣ್ಣನ ದೊಡ್ಡ ಫೋಟೋ ಹಾಕಿದ್ದಾರೆ. ಬೋರ್ಡಿನ ಮೇಲಿದ್ದ ಅವರ ಸಮೀಕರಣವನ್ನು ಅದೇ ವಾರ ಒರೆಸಿದೆ. ಜಾಗ ಬೇಕಿತ್ತು.

ಅಕ್ಟೋಬರಿನಲ್ಲಿ ನನಗೆ ಸ್ವಲ್ಪ ಹುಷಾರಿರಲಿಲ್ಲ. ನಿದ್ದೆ ಬರುತ್ತಿರಲಿಲ್ಲ. ವಯಸ್ಸು, ಬೇರೇನಿಲ್ಲ.

ಮಗಳು ಈಗ ಅಪ್ಪನ ವಿಭಾಗದಲ್ಲೇ ಓದುತ್ತಿದ್ದಾಳೆ. ಹುಟ್ಟುಹಬ್ಬಕ್ಕೆ ನೀವು ಕಳಿಸಿದ ಶುಭಾಶಯವನ್ನು ಓದದೆ ಹರಿದುಹಾಕಿದಳು. ಅವಳ ಮನಸ್ಸು ಈಗ ತಿಳಿಯಾಗಿದೆ, ಕದಡುವುದು ಬೇಡ. ನೀವು ಅವಳಿಗೂ ನನಗೂ ಇನ್ನು ಬರೆಯದಿರುವುದೇ ಎಲ್ಲರಿಗೂ ಒಳ್ಳೆಯದು. ನಿಮ್ಮ ಆರೋಗ್ಯ ನೋಡಿಕೊಳ್ಳಿ. ಏಣಿ ಹತ್ತುವಾಗ ಎಚ್ಚರ.

ಜನವರಿ ೬

ಪ್ರಾಧ್ಯಾಪಕರಿಗೆ,

ಹೊಸ ಆವೃತ್ತಿಯ ಪ್ರಬಂಧವನ್ನು ನಾನು ಕೇಬಲ್ ಎಳೆಯುತ್ತಿರುವ ಶಾಲೆಯ ಕಂಪ್ಯೂಟರಿನಲ್ಲಿ ಓದಿದೆ. ಕೆಲಸ ಅಚ್ಚುಕಟ್ಟಾಗಿದೆ. ಎರಡನೆಯ ಚಿತ್ರದ ಗೆರೆ ಮಾತ್ರ ವಿದ್ಯಾರ್ಥಿಗಳಿಗೆ ಹೊಳೆದದ್ದಲ್ಲ. ಏರುವುದು, ಅಂಚಿಗೆ ಅಂಟಿಕೊಳ್ಳುವುದು, ನಡುವೆ ಒಂದು ಕಡೆ ಸ್ವಲ್ಪ ಇಳಿದು ಮತ್ತೆ ಏರುವುದು. ಅದನ್ನು ನಾನು ಗೋಡೆಯ ಮೇಲೆ ನೋಡುತ್ತ ನಿಂತಿದ್ದವನು. ಏಣಿಯ ಮಾತನ್ನೂ ನಾನು ನಿಮಗೆ ಬೇರೆ ಯಾವ ಕಾಗದದಲ್ಲೂ ಬರೆದಿರಲಿಲ್ಲ.

ಆ ಊರುಗಳ ಲೈನು ಅಗಲವಾಗುತ್ತದೆ. ಅದಕ್ಕೆ ನನಗೆ ಸಂತೋಷವಾಗಿದೆ, ಸುಳ್ಳಲ್ಲ. ಹೊಟ್ಟೆ ಉರಿಯುತ್ತಿದೆ ಅತ್ತಿಗೆ, ಅದೂ ಸುಳ್ಳಲ್ಲ. ನಾನು ಕೇಳಿದ ಎರಡರಲ್ಲಿ ಜಗತ್ತಿಗೆ ಬೇಕಾದದ್ದನ್ನು ಮಾಡಿದಿರಿ. ನನಗೆ ಬೇಕಾದದ್ದು ಒಂದೇ ಇತ್ತು. ಅದಕ್ಕೆ ಯಾವ ಊರಿನ ತಂತಿಯನ್ನೂ ಕೀಳಬೇಕಿರಲಿಲ್ಲ, ಪಕ್ಕದ ಕೋಣೆಗೆ ಹೋಗಿ ಮಗಳ ಎದುರು ಕೂತರೆ ಆಗುತ್ತಿತ್ತು.

ಪೊಟ್ಟಣವನ್ನು ರಿಜಿಸ್ಟರ್ ಮಾಡಿ ಕಳಿಸಿದ್ದೆ. ತಲುಪಿದ್ದಕ್ಕೆ ಸಹಿಯಾದ ಚೀಟಿ ಅಕ್ಟೋಬರ್ ಮೊದಲ ವಾರವೇ ನನಗೆ ವಾಪಸ್ ಬಂತು. ಸಹಿ ನಿಮ್ಮದು. ನವೆಂಬರಿನ ಕಾರ್ಡು ಬರೆಯುವಾಗ ಅದು ನನ್ನ ಮುಂದೆಯೇ ಇತ್ತು. ತಲುಪಿತೇ ಎಂದು ಕೇಳಿದ್ದು ತಿಳಿದುಕೊಳ್ಳಲು ಅಲ್ಲ. ನೀವು ಏನು ಹೇಳುತ್ತೀರಿ ಎಂದು ನೋಡಲು.

ಆ ಚೀಟಿಯನ್ನು ಇದರೊಳಗೆ ಇಟ್ಟಿದ್ದೇನೆ. ಮಗು ನನ್ನ ಶುಭಾಶಯ ಹರಿದಳೆಂದು ಓದಿದ ದಿನ ಇದನ್ನು ಅವಳಿಗೇ ಕಳಿಸಿಬಿಡೋಣವೆಂದು ಲಕೋಟೆಯ ಮೇಲೆ ಅವಳ ಹೆಸರೂ ಬರೆದಿದ್ದೆ. ಕೆಳಗಿನ ಅಂಚೆ ಡಬ್ಬಿಯ ತನಕ ಹೋಗಿ ನಿಂತೆ. ಅಪ್ಪ ಇಲ್ಲ, ಚಿಕ್ಕಪ್ಪ ಇಲ್ಲ, ಅವಳಿಗೆ ಉಳಿದಿರುವುದು ನೀವೊಬ್ಬರೇ ಎಂದು ವಾಪಸ್ ಬಂದೆ. ಆದರೆ ನನ್ನ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ. ಇದು ನನ್ನ ಬಳಿ ಇದ್ದರೆ ಯಾವತ್ತಾದರೂ ಒಂದು ದಿನ ಹಾಕಿಯೇ ಬಿಡುತ್ತೇನೆ. ನೀವೇ ಇಟ್ಟುಕೊಳ್ಳಿ.

ಇದು ತಲುಪಿತೆಂದು ಬರೆಯಬೇಡಿ.